ಬೀಡಿ ಎಲೆಯ ಕತ್ತರಿಯಲ್ಲಿ ಅರ್ಧ ಮಾಡಿದ ಮಾತ್ರೆ: ವಯಸ್ಸಾದವರ ತಿಂಗಳ ಮದ್ದಿನ ಖರ್ಚು ಯಾರು ಹೊರಬೇಕು?

ಕಾಪುವಿನ ಸೊಸೆ | ಭಾನುವಾರ, ರಾತ್ರಿ 9.40

ಇವತ್ತು ಊರಿಗೆ ಹೋಗಿದ್ದೆವು. ನಾವಿರುವುದು ಮಂಗಳೂರಲ್ಲಿ, ಅತ್ತೆ ಕಾಪುವಿನಲ್ಲಿ ಒಬ್ಬರೇ. ವಯಸ್ಸು 72. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮಾತ್ರೆ, ಕಣ್ಣಿಗೆ ಒಂದು ಡ್ರಾಪ್ಸ್. ಎಲ್ಲ ಸೇರಿ ತಿಂಗಳಿಗೆ 1,900 ರೂಪಾಯಿ ದಾಟುತ್ತದೆ. ಅವರಿಗೆ ಬರುವುದು ಸಂಧ್ಯಾ ಸುರಕ್ಷಾ ಪಿಂಚಣಿಯ 1,200. ಉಳಿದದ್ದು ನಾವು ಕಳಿಸುತ್ತೇವೆ. ಸ್ವಲ್ಪ ತಡವಾದರೂ ಅವರು ಬಾಯಿಬಿಟ್ಟು ಕೇಳುವವರಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಮದ್ದಿನ ಡಬ್ಬಿ ತೆಗೆದೆ. ಹೋದ ತಿಂಗಳು ತಂದ ಸ್ಟ್ರಿಪ್‌ಗಳು ಮುಗಿಯಬೇಕಿತ್ತು, ಇನ್ನೂ ಇವೆ. ಕೆಳಗೆ ಒಂದು ಕಾಗದದ ಪೊಟ್ಟಣ. ಬಿಚ್ಚಿದರೆ ಒಳಗೆ ಅರ್ಧ ಅರ್ಧ ಮಾಡಿದ ಬಿಳಿ ಮಾತ್ರೆಗಳು. ಅಂಚೆಲ್ಲ ಪುಡಿಪುಡಿ. ಅತ್ತೆ ನಲವತ್ತು ವರ್ಷ ಬೀಡಿ ಕಟ್ಟಿದವರು. ಎಲೆ ಕತ್ತರಿಸುವ ಆ ಹಳೆಯ ಕತ್ತರಿಯಲ್ಲೇ ಮಾತ್ರೆಯನ್ನೂ ಕತ್ತರಿಸಿದ್ದಾರೆ. ಕೇಳಿದರೆ, "ಇಡೀ ತಿಂದರೂ ಶುಗರ್ ಅಷ್ಟೇ, ಅರ್ಧ ತಿಂದರೂ ಅಷ್ಟೇ, ಸುಮ್ನೆ ಯಾಕೆ ದುಡ್ಡು ಹಾಳು" ಅಂದರು.

ನನಗೆ ಬೈಯಲೂ ಆಗಲಿಲ್ಲ.

ಇವರೇ ನಾಳೆ ಬಿದ್ದು ಆಸ್ಪತ್ರೆ ಸೇರಿದರೆ ಆಯುಷ್ಮಾನ್ ಕಾರ್ಡ್ ಇದೆ, ಐದು ಲಕ್ಷದವರೆಗೆ ಸರಕಾರವೇ ಕೊಡುತ್ತದೆ. ಬೀಳದ ಹಾಗೆ ನೋಡಿಕೊಳ್ಳುವ ಮಾತ್ರೆಗೆ ಮಾತ್ರ ನಾವೇ ಕೊಡಬೇಕು. ಇದೆಂತ ಲೆಕ್ಕ? ನಿಮ್ಮ ಮನೆಗಳಲ್ಲಿ ಹೇಗೆ ಮಾಡುತ್ತೀರಿ? ಕಡಿಮೆಗೆ ಸಿಗುವ ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಸುರತ್ಕಲ್ ಮೆಡಿಕಲ್ | ಭಾನುವಾರ, ರಾತ್ರಿ 10.15

ಅಕ್ಕಾ, ಮೊದಲು ಒಂದು ವಿಷಯ. ಆ ಬಿಳಿ ಮಾತ್ರೆ ಶುಗರಿನ ಮೆಟ್‌ಫಾರ್ಮಿನ್ ಇರಬೇಕು. ಸ್ಟ್ರಿಪ್ ಹಿಂದೆ ಹೆಸರಿನ ಜೊತೆ ಎಸ್ಆರ್ ಅಥವಾ ಇಆರ್ ಅಂತ ಇದೆಯಾ ನೋಡಿ. ಇದ್ದರೆ ಅದನ್ನು ಕತ್ತರಿಸಲೇಬಾರದು. ಹೊಟ್ಟೆಯಲ್ಲಿ ನಿಧಾನಕ್ಕೆ ಕರಗಲಿ ಅಂತ ಮಾಡಿದ ಮಾತ್ರೆ ಅದು. ತುಂಡು ಮಾಡಿದರೆ ಮದ್ದು ಒಮ್ಮೆಲೇ ಬಿಡುತ್ತದೆ, ಆಮೇಲೆ ದಿನವಿಡೀ ಏನೂ ಇರುವುದಿಲ್ಲ.

ಇನ್ನೊಂದು, ಹೇಳಿದರೆ ಬೇಜಾರಾಗಬಹುದು. ನಿಮ್ಮ ಅತ್ತೆಯ ಚೀಟಿಯಲ್ಲಿ ಬಹುಶಃ ಅದೇ ಎಲ್ಲಕ್ಕಿಂತ ಅಗ್ಗದ್ದು. ದೊಡ್ಡದಿದೆ, ಕತ್ತರಿಸಲು ಸುಲಭ ಅಂತ ಅದನ್ನೇ ಹಿಡಿದಿರುತ್ತಾರೆ. ನನ್ನ ಅಂಗಡಿಗೆ ಬರುವ ಅಜ್ಜಂದಿರೂ ಹಾಗೇ. ಯಾವುದಕ್ಕೆ ಎಷ್ಟು ಅಂತ ಬಿಲ್ಲಿನಲ್ಲಿ ಇರುತ್ತದೆ, ಆದರೆ ಅಕ್ಷರ ಇಷ್ಟು ಚಿಕ್ಕದು. ಅವರು ನೋಡುವುದು ಕೊನೆಯ ಮೊತ್ತ ಮಾತ್ರ.

ಚೀಟಿಯಲ್ಲಿ ಏನೇನಿದೆ ಬರೆಯಿರಿ. ಡಾಕ್ಟರ ಹೆಸರು ಬೇಡ.

ಕಾಪುವಿನ ಸೊಸೆ | ಭಾನುವಾರ, ರಾತ್ರಿ 10.32

ಹೌದು, ಎಸ್ಆರ್ ಅಂತ ಇದೆ. ಅಯ್ಯೋ ದೇವರೇ. ಉಳಿದದ್ದು: ಬಿಪಿಗೆ ಟೆಲ್ಮಿಸಾರ್ಟನ್ 40, ಶುಗರಿಗೆ ಇನ್ನೊಂದು ಸಿಟಾಗ್ಲಿಪ್ಟಿನ್ 50, ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್ 10. ಎಲ್ಲಾ ದೊಡ್ಡ ಕಂಪನಿಯ ಹೆಸರಲ್ಲಿ. ಮತ್ತೆ ಕಣ್ಣಿನ ಡ್ರಾಪ್ಸ್.

ಸುರತ್ಕಲ್ ಮೆಡಿಕಲ್ | ಭಾನುವಾರ, ರಾತ್ರಿ 10.58

ಸರಿ, ಇಲ್ಲಿದೆ ನೋಡಿ. ಸಿಟಾಗ್ಲಿಪ್ಟಿನ್ ಪೇಟೆಂಟ್, ಅಂದರೆ ಒಂದೇ ಕಂಪನಿ ಮಾಡುವ ಹಕ್ಕು, ನಮ್ಮಲ್ಲಿ 2022ರ ಜುಲೈಯಲ್ಲೇ ಮುಗಿದಿದೆ. ಆ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರದ ಅಗ್ಗದ ಮದ್ದಿನಂಗಡಿ ಜನೌಷಧಿಯವರು 50 ಎಂಜಿಯ ಹತ್ತು ಮಾತ್ರೆಗೆ 60 ರೂಪಾಯಿ ಅಂತ ಇಟ್ಟರು. ಆಗ ಬ್ರ್ಯಾಂಡ್‌ಗಳು ಅದಕ್ಕೇ 160ರಿಂದ 260ರ ಆಸುಪಾಸಿನಲ್ಲಿದ್ದವು. ಹಳೆ ಚೀಟಿ ಹಿಡಿದು ಹಳೆ ಹೆಸರನ್ನೇ ಕೇಳುವವರು ಇವತ್ತಿಗೂ ಜಾಸ್ತಿಯೇ ಕೊಡುತ್ತಿದ್ದಾರೆ. ಶುಗರಿನದ್ದೇ ಇನ್ನೊಂದು ಮದ್ದು ಎಂಪಾಗ್ಲಿಫ್ಲೋಜಿನ್ ಕಥೆಯೂ ಅದೇ. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿಯಿತು. ಒಂದಕ್ಕೆ 60 ರೂಪಾಯಿ ಹತ್ತಿರ ಇದ್ದ ಮಾತ್ರೆಯನ್ನು ಕೆಲವು ಕಂಪನಿಗಳು ಹತ್ತು ರೂಪಾಯಿಗಿಂತ ಕೆಳಗೆ ತಂದವು.

"ನೀವೇ ಬದಲಿಸಿ ಕೊಡಬಹುದಲ್ವಾ" ಅಂತ ದಿನಾ ಕೇಳುತ್ತಾರೆ. ಕೊಡುವ ಹಾಗಿಲ್ಲ. ಡಾಕ್ಟರು ಬ್ರ್ಯಾಂಡ್ ಹೆಸರು ಬರೆದರೆ ಅದೇ ಮದ್ದಿನ ಬೇರೆ ಬ್ರ್ಯಾಂಡ್ ಕೊಡಲು ಕಾನೂನು ಬಿಡುವುದಿಲ್ಲ. ಡಾಕ್ಟರೇ ಮದ್ದಿನ ಮೂಲ ಹೆಸರು, ಅಂದರೆ ಜೆನೆರಿಕ್ ಹೆಸರು, ಬರೆಯಬೇಕು. 2023ರ ಆಗಸ್ಟ್‌ನಲ್ಲಿ ಅದನ್ನು ಕಡ್ಡಾಯ ಮಾಡಿ ನಿಯಮ ಬಂತು. ಅದೇ ತಿಂಗಳು ತಡೆಹಿಡಿದರು. ಅಷ್ಟರಲ್ಲೇ ಮುಗಿಯಿತು.

ಹಾಗಾಗಿ ಒಮ್ಮೆ ಡಾಕ್ಟರ ಹತ್ತಿರ ಹೋಗಿ, "ಇದನ್ನು ಮೂಲ ಹೆಸರಲ್ಲಿ ಬರೆದು ಕೊಡಿ" ಅಂತ ಕೇಳಿ. ಹೆಚ್ಚಿನವರು ಬರೆದು ಕೊಡುತ್ತಾರೆ. ಕೇಳುವವರು ಕಡಿಮೆ, ಅಷ್ಟೇ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಇರಲಿ.

ಕದ್ರಿ ಕಂಬಳ ರಸ್ತೆ | ಸೋಮವಾರ, ಬೆಳಿಗ್ಗೆ 7.05

ಮಾರಾಯ್ರೆ, ನನ್ನ ಅಪ್ಪ ಕತ್ತರಿಸುವುದಿಲ್ಲ, ದಿನ ಬಿಟ್ಟು ದಿನ ತಿನ್ನುತ್ತಾರೆ. "ಸೋಮವಾರ ಒಪ್ಪತ್ತು, ಮದ್ದಿಗೂ ಒಪ್ಪತ್ತು" ಅಂತೆ.

ಜೆಪ್ಪುವಿನವ | ಸೋಮವಾರ, ಬೆಳಿಗ್ಗೆ 8.20

ನನ್ನ ಅಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ 26 ವರ್ಷ ಕೆಲಸ ಮಾಡಿ ನಿವೃತ್ತಿ ಆದವರು. ಕೆಲಸ ಬಿಟ್ಟ ಮೇಲೆ ಇಎಸ್ಐ (ಕಾರ್ಮಿಕರ ಸರಕಾರಿ ಆರೋಗ್ಯ ವಿಮೆ) ಮುಗಿಯಿತು ಅಂತಲೇ ನಾವು ಎಣಿಸಿದ್ದೆವು. ನಾಲ್ಕು ವರ್ಷ ಕೈಯಿಂದಲೇ ಮದ್ದು ತಂದೆವು. ಆಮೇಲೆ ಜೊತೆಗೆ ಕೆಲಸ ಮಾಡಿದ ಒಬ್ಬ ಬಾಯಮ್ಮ ಹೇಳಿದರು. ನಿವೃತ್ತಿ ವಯಸ್ಸಾಗಿ ಬಿಟ್ಟಿದ್ದರೆ, ಮತ್ತೆ ಕನಿಷ್ಠ ಐದು ವರ್ಷ ಇಎಸ್ಐ ಕಟ್ಟಿದ್ದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಸಾಕು. ಗಂಡ ಹೆಂಡತಿ ಇಬ್ಬರಿಗೂ ಮದ್ದು, ಆಸ್ಪತ್ರೆ ಎಲ್ಲ ಇದೆ. ತಿಂಗಳಿಗಲ್ಲ, ವರ್ಷಕ್ಕೆ 120.

ಈಗ ಅಮ್ಮ ಕಾರ್ಡ್ ಹಿಡಿದು ಬಸ್ಸಲ್ಲಿ ಹೋಗಿ ತರುತ್ತಾರೆ. ಕ್ಯೂ ಇದೆ, ಬೆಳಿಗ್ಗೆ ಹೋದರೆ ಮಧ್ಯಾಹ್ನ. ಒಮ್ಮೊಮ್ಮೆ ಒಂದು ಮದ್ದು ಇರುವುದಿಲ್ಲ. ಆದರೂ ನಾಲ್ಕು ವರ್ಷ ಸುಮ್ನೆ ಕೊಟ್ಟೆವಲ್ಲ ಅಂತ ನೆನೆಸಿದರೆ ಹೊಟ್ಟೆ ಉರಿಯುತ್ತದೆ. ಗೇರುಬೀಜ, ಹಂಚಿನ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಹಳೆ ಇಎಸ್ಐ ನಂಬರ್ ಹುಡುಕಿ ಇಡಿ.

ಬ್ರಹ್ಮಾವರ ಮಾಷ್ಟ್ರು | ಸೋಮವಾರ, ಬೆಳಿಗ್ಗೆ 11.30

ಕಾಪುವಿನ ತಂಗಿ ಕೇಳಿದ ಪ್ರಶ್ನೆ ಸರಿಯಾದ ಜಾಗಕ್ಕೇ ಮುಟ್ಟಿದೆ. ನಮ್ಮಲ್ಲಿ ಸರಕಾರದ ದುಡ್ಡು ಮಂಚಕ್ಕೆ ಹೋಗುತ್ತದೆ, ಮಾತ್ರೆಗೆ ಹೋಗುವುದು ಕಡಿಮೆ.

ಆಯುಷ್ಮಾನ್ ತೆಗೆದುಕೊಳ್ಳಿ. ಐದು ಲಕ್ಷ ಇದೆ, ಆದರೆ ಅಡ್ಮಿಟ್ ಆಗಬೇಕು. ಬಿಡುಗಡೆ ಆದ ಮೇಲೆ 15 ದಿನದ ಮದ್ದು ಸೇರುತ್ತದೆ. ಹದಿನಾರನೇ ದಿನದಿಂದ ನೀವೇ. 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ ವಯೋವಂದನಾ ಕಾರ್ಡ್ ಅಂತ ಕೇಂದ್ರ ಘೋಷಣೆ ಮಾಡಿತು, ಅದೂ ಅಡ್ಮಿಟ್ ಆದವರಿಗೇ. ಸಹಕಾರ ಸಂಘದವರ ಯಶಸ್ವಿನಿ ಯೋಜನೆ ಇರುವುದು ಮುಖ್ಯವಾಗಿ ಆಪರೇಶನ್‌ಗೆ. ಬಿಪಿ, ಶುಗರ್ ಇರುವ ಮನುಷ್ಯ ಆಸ್ಪತ್ರೆಯಲ್ಲಿ ಇರುವುದು ವರ್ಷಕ್ಕೆ ಐದು ದಿನ ಅಂತ ಇಟ್ಟುಕೊಳ್ಳಿ. ಉಳಿದ 360 ದಿನ ಅವನು ಡಬ್ಬಿಯ ಮುಂದೆ ಕೂತಿರುತ್ತಾನೆ.

ಮಂಚದ ಖರ್ಚಿಗೆ ಬಿಲ್ಲಿದೆ, ಫೋಟೋ ಇದೆ, ಇಷ್ಟು ಜನರಿಗೆ ಆಪರೇಶನ್ ಮಾಡಿಸಿದೆವು ಅಂತ ಭಾಷಣದಲ್ಲಿ ಹೇಳಬಹುದು. ಪಾರ್ಶ್ವವಾಯು ಆಗದೇ ಉಳಿದವರ ಫೋಟೋ ಯಾರು ತೆಗೆಯುತ್ತಾರೆ? ಬೇರೆ ಕೆಲವು ರಾಜ್ಯಗಳು ಈ ವಿಷಯದಲ್ಲಿ ಮುಂದೆ ಹೋಗಿವೆ. ತಮಿಳುನಾಡು 1994ರಲ್ಲೇ ಮದ್ದು ಖರೀದಿಗೆ ಬೇರೆ ನಿಗಮ ಮಾಡಿತು. 2021ರಿಂದ ಮನೆಗೇ ಬಿಪಿ, ಶುಗರ್ ಮದ್ದು ಮುಟ್ಟಿಸುತ್ತಿದೆ. ರಾಜಸ್ಥಾನ 2011ರ ಗಾಂಧಿ ಜಯಂತಿಯಂದು ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಮದ್ದು ಶುರು ಮಾಡಿತು.

ದೇಶದ ಲೆಕ್ಕದಲ್ಲಿ ಜನ ಆರೋಗ್ಯಕ್ಕೆ ಕೈಯಿಂದ ಹಾಕುವ ಪಾಲು 2013-14ರಲ್ಲಿ ನೂರಕ್ಕೆ 64 ಇದ್ದದ್ದು 2021-22ರಲ್ಲಿ 39ಕ್ಕೆ ಇಳಿದಿದೆ. ಆದರೆ ಆ 39 ಯಾರ ಕೈಯಿಂದ ಹೋಗುತ್ತಿದೆ ಅನ್ನುವುದು ಆ ಕಾಗದದ ಪೊಟ್ಟಣದಲ್ಲಿ ಕಾಣುತ್ತದೆ.

ಬಿಜೈ ಅಜ್ಜ | ಸೋಮವಾರ, ಮಧ್ಯಾಹ್ನ 3.10

ಮಾಷ್ಟ್ರೇ, ಮಗಳ ಮನೆಗೆ ಅಂತ ಅಮೆರಿಕಾದ ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ಇದ್ದೆ. ಅಲ್ಲಿ ಪಕ್ಕದ ಮನೆಯ ಮುದುಕಿ ಪ್ರತಿ ವಾರ ಲಾಟರಿ ತೆಗೆಯುತ್ತಿದ್ದಳು. ನಾನು ತಮಾಷೆ ಮಾಡಿದೆ. ಅವಳು, "ಬರದಿದ್ದರೂ ನಷ್ಟ ಇಲ್ಲ, ನನ್ನ ಮದ್ದಿಗೇ ಹೋಗುತ್ತದೆ" ಅಂದಳು. ಮತ್ತೆ ಮಗಳು ವಿವರಿಸಿದಳು. ಆ ರಾಜ್ಯದ ಲಾಟರಿಯ ಲಾಭ ವಯಸ್ಸಾದವರ ಕಾರ್ಯಕ್ರಮಗಳಿಗೇ ಮೀಸಲು. ಅದರಿಂದ ಪೇಸ್ ಅಂತ ಒಂದು ಯೋಜನೆ 1984ರಿಂದ ನಡೆಯುತ್ತಿದೆ. 65 ದಾಟಿ, ಆದಾಯ ಮಿತಿಯೊಳಗೆ ಇದ್ದರೆ, ಜೆನೆರಿಕ್ ಮದ್ದಿಗೆ 6 ಡಾಲರ್, ಬ್ರ್ಯಾಂಡ್ ಮದ್ದಿಗೆ 9 ಡಾಲರ್ ಕೊಟ್ಟರೆ ಸಾಕು.

ಅಲ್ಲಿನ ಕೇಂದ್ರ ಸರಕಾರದ್ದೂ ಬೇರೆ ಇದೆ, ಮೆಡಿಕೇರ್ ಪಾರ್ಟ್ ಡಿ ಅಂತ ವಯಸ್ಸಾದವರ ಮದ್ದಿನ ವಿಮೆ, 2006ರಿಂದ. ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮೀರಬಾರದು ಅಂತ 2023ರಲ್ಲಿ ಮಾಡಿದರು. ವರ್ಷಕ್ಕೆ ಕೈಯಿಂದ 2,000 ಡಾಲರ್ ಮೀರಬಾರದು ಅಂತ 2025ರಲ್ಲಿ ಬಂತು. ಅಲ್ಲಿನ ಸರಕಾರ ಕಂಪನಿಗಳ ಜೊತೆ ಚೌಕಾಸಿಗೆ ಕೂತದ್ದೇ ಈಗ. ಮೊದಲ ಹತ್ತು ಮದ್ದಿನ ಹೊಸ ಬೆಲೆ 2026ರ ಜನವರಿಯಿಂದ. ಅದರಲ್ಲಿ ನಿಮ್ಮ ಈ ಸಿಟಾಗ್ಲಿಪ್ಟಿನ್ನೇ ಒಂದು! ತಿಂಗಳಿಗೆ 527 ಡಾಲರ್ ಇದ್ದದ್ದು 113ಕ್ಕೆ ಇಳಿಯಿತು. ನಮ್ಮ 60 ರೂಪಾಯಿ ಸ್ಟ್ರಿಪ್ ಕೇಳಿದರೆ ಆ ಮುದುಕಿ ಮಂಗಳೂರಿಗೇ ಬಂದಾಳು.

ನಾನು ಹೇಳುವುದು ಇಷ್ಟೇ. ಅವರಲ್ಲಿ ಬೆಲೆ ರಾಕ್ಷಸ, ಆದರೆ ಮುದುಕರ ಮಾತ್ರೆಗೆ ಅಂತ ಒಂದು ಹುಂಡಿ ಇದೆ. ನಮ್ಮಲ್ಲಿ ಮದ್ದು ಅಗ್ಗ, ಹುಂಡಿ ಇಲ್ಲ.

ತಲಪಾಡಿ ಗೇಟು | ಸೋಮವಾರ, ಸಂಜೆ 6.45

ಅಜ್ಜಾ, ಲಾಟರಿ ಬೇಕಾದರೆ ತಲಪಾಡಿ ದಾಟಿದರೆ ಆಯಿತು. ನಮ್ಮಲ್ಲಿ 2007ರಲ್ಲಿ ನಿಂತಿತು. ಆಚೆ ಕೇರಳದಲ್ಲಿ ಕಾರುಣ್ಯ ಲಾಟರಿ ಅಂತಲೇ ಇದೆ, ಅದರ ದುಡ್ಡು ಬಡವರ ಚಿಕಿತ್ಸೆಗೆ ಅಂತ ಶುರುವಾದದ್ದು. ಮಂಗಳೂರಿನವರ ದುಡ್ಡೂ ಅದರಲ್ಲಿ ಎಷ್ಟೋ ಇದೆ. ಮದ್ದು ಮಾತ್ರ ನಮಗಿಲ್ಲ.

ಮೂಲ್ಕಿಯವಳು | ಸೋಮವಾರ, ರಾತ್ರಿ 8.15

ಹುಂಡಿ ಇಲ್ಲ ಅನ್ನಬೇಡಿ ಅಜ್ಜಾ, ಒಂದು ಇತ್ತು. ಕಾಪುವಿನ ಅಕ್ಕನಿಗೆ ಅದು ಬೇಕಾಗಬಹುದು. ಬೀಡಿಯ ಮೇಲೆ ಸೆಸ್ ಹಾಕಿ, ಆ ದುಡ್ಡಿನಲ್ಲಿ ಬೀಡಿ ಕಟ್ಟುವವರಿಗೆ ಡಿಸ್ಪೆನ್ಸರಿ, ಮಕ್ಕಳಿಗೆ ಸ್ಕಾಲರ್‌ಶಿಪ್ ಅಂತ 1976ರಲ್ಲಿ ಕಾಯ್ದೆ ಬಂತು. ನಾನು ಓದಿದ್ದು ಆ ಸ್ಕಾಲರ್‌ಶಿಪ್ಪಿನಲ್ಲಿ. ತಡ್ಪೆ (ಮೊರ) ಮಡಿಲಲ್ಲಿಟ್ಟು ಅಮ್ಮ ಕಟ್ಟುತ್ತಿದ್ದಳು, ನೂಲು ಸುತ್ತುವುದು ನಾನು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು. ಈಗ ಬಜೆಟ್‌ನಿಂದ ಕೊಟ್ಟಷ್ಟು.

ಡಿಸ್ಪೆನ್ಸರಿಗಳು ನಮ್ಮ ಎರಡೂ ಜಿಲ್ಲೆಯಲ್ಲಿ ಇವೆ. ಅತ್ತೆಯ ಬೀಡಿ ಗುರುತು ಕಾರ್ಡ್ ಇದೆಯಾ? ಹುಡುಕಿ, ಅದನ್ನು ಹಿಡಿದು ಒಮ್ಮೆ ಹೋಗಿ ಕೇಳಿ. ಬೀಡಿ ಕಟ್ಟುವುದು ನಿಲ್ಲಿಸಿದ್ದಾರೆ ಅಂತ ನೀವೇ ಮೊದಲು ತೀರ್ಮಾನ ಮಾಡಬೇಡಿ.

ಹಂಪನಕಟ್ಟೆ | ಸೋಮವಾರ, ರಾತ್ರಿ 9.00

ಎಲ್ಲರೂ ಅಗ್ಗ ಅಗ್ಗ ಅನ್ನುತ್ತೀರಿ. 200 ರೂಪಾಯಿಯ ಮದ್ದು 60ಕ್ಕೆ ಹೇಗೆ ಕೊಡುತ್ತಾರೆ? ಎಲ್ಲೋ ಕಡಿಮೆ ಮಾಡಿರಲೇಬೇಕಲ್ವಾ? 2024ರಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಹೋದಾಗ ಸರಕಾರಿ ಡ್ರಿಪ್ಪಿನ ಗುಣಮಟ್ಟದ ಮೇಲೆಯೇ ಪ್ರಶ್ನೆ ಬಂತು. ನನ್ನ ಅಮ್ಮನ ಮೇಲೆ ನಾನು ಪ್ರಯೋಗ ಮಾಡಲಾರೆ.

ಸುರತ್ಕಲ್ ಮೆಡಿಕಲ್ | ಸೋಮವಾರ, ರಾತ್ರಿ 9.50

ನಿಮ್ಮ ಹೆದರಿಕೆ ಸುಳ್ಳಲ್ಲ. ಬಳ್ಳಾರಿಯದ್ದು ಮರೆಯುವಂಥದ್ದೂ ಅಲ್ಲ. ಆದರೆ 60 ಮತ್ತು 200ರ ನಡುವೆ ಇರುವುದು ಮದ್ದಿನ ಪುಡಿಯಲ್ಲ. ಡಾಕ್ಟರರನ್ನು ಕಾಣಲು ಬ್ಯಾಗ್ ಹಿಡಿದು ಕಾಯುವ ಕಂಪನಿಯ ರೆಪ್‌ನ ಸಂಬಳ, ಜಾಹೀರಾತು, ಡೀಲರ್, ಹೊಳೆಯುವ ಪೆಟ್ಟಿಗೆ, ನನ್ನ ಕಮಿಷನ್ನೂ ಸೇರಿ. ಜನೌಷಧಿ ಮದ್ದು ಲ್ಯಾಬ್‌ನಲ್ಲಿ ಪರೀಕ್ಷೆ ಆಗಿಯೇ ಅಂಗಡಿಗೆ ಬರುವುದು. ಗುಣಮಟ್ಟ ಇಲ್ಲದ ಮದ್ದುಗಳ ಪಟ್ಟಿಯನ್ನು ಕೇಂದ್ರದ ಔಷಧ ನಿಯಂತ್ರಕರು ತಿಂಗಳು ತಿಂಗಳು ಬಿಡುತ್ತಾರೆ. ಅದರಲ್ಲಿ ದೊಡ್ಡ ಹೆಸರೂ ಬರುತ್ತದೆ, ಚಿಕ್ಕ ಹೆಸರೂ ಬರುತ್ತದೆ.

ಒಂದು ಕಡೆ ಮಾತ್ರ ನೀವು ಹೇಳಿದ್ದಕ್ಕೆ ತಲೆ ಆಡಿಸುತ್ತೇನೆ. ಥೈರಾಯ್ಡ್ ಮಾತ್ರೆ, ರಕ್ತ ತೆಳು ಮಾಡುವ ವಾರ್ಫರಿನ್, ಫಿಟ್ಸ್ ಮದ್ದು. ಇವನ್ನು ತಿಂಗಳಿಗೊಂದು ಕಂಪನಿ ಅಂತ ಬದಲಿಸಬೇಡಿ. ಅಗ್ಗದ್ದಾಗಲಿ ತುಟ್ಟಿಯದ್ದಾಗಲಿ, ಒಂದನ್ನೇ ಹಿಡಿದುಕೊಳ್ಳಿ. ಬದಲಿಸಲೇಬೇಕಾದರೆ ಡಾಕ್ಟರಿಗೆ ಹೇಳಿ, ಮತ್ತೆ ರಕ್ತ ಪರೀಕ್ಷೆ ಮಾಡಿಸಿ.

ಬೆಲೆ ಬಗ್ಗೆ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಮದ್ದಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ಬಿಲ್ಲು ನೋಡಿ ತೆಗೆದುಕೊಳ್ಳಿ.

ಅಜ್ಜರಕಾಡು ಮೈದಾನ | ಸೋಮವಾರ, ರಾತ್ರಿ 10.20

ಜನೌಷಧಿ ಅಂತ ಇಷ್ಟು ಹೊಗಳುತ್ತೀರಿ. ಹಾಗಾದರೆ ಸರಕಾರಿ ಆಸ್ಪತ್ರೆ ಒಳಗಿನ ಜನೌಷಧಿ ಮುಚ್ಚಿ ಅಂತ 2025ರ ಮೇಯಲ್ಲಿ ರಾಜ್ಯ ಸರಕಾರ ಯಾಕೆ ಆದೇಶ ಮಾಡಿತು? ಹೈಕೋರ್ಟಿನ ಧಾರವಾಡ ಪೀಠ ಜುಲೈಯಲ್ಲಿ ತಡೆ ಕೊಡಬೇಕಾಯಿತು. ಎಲ್ಲ ರಾಜಕೀಯ.

ಬ್ರಹ್ಮಾವರ ಮಾಷ್ಟ್ರು | ಮಂಗಳವಾರ, ಬೆಳಿಗ್ಗೆ 6.50

ರಾಜಕೀಯ ಇಲ್ಲ ಅಂತ ಯಾರೂ ಹೇಳುವುದಿಲ್ಲ. ಆದರೆ ಸರಕಾರ ಹೇಳಿದ ಕಾರಣದಲ್ಲಿ ಒಂದು ತರ್ಕ ಇತ್ತು. ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತವಾಗಿ ಸಿಗಬೇಕು, ಅದೇ ಕಾಂಪೌಂಡಿನಲ್ಲಿ ಮಾರುವ ಅಂಗಡಿ ಯಾಕೆ ಅಂತ. ಕೇಳಲು ಚಂದ. ಕೌಂಟರಿನಲ್ಲಿ ಎಲ್ಲ ಮದ್ದು ಎಲ್ಲ ದಿನ ಇದ್ದರೆ ಆ ಅಂಗಡಿಗೆ ಯಾರೂ ಹೋಗುವುದೂ ಇಲ್ಲ, ಮುಚ್ಚುವ ಆದೇಶವೂ ಬೇಕಿಲ್ಲ. ಇಲ್ಲದ ದಿನ ಮುದುಕರು ಎಲ್ಲಿಗೆ ಹೋಗಬೇಕು? ಪಕ್ಷದ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ಕಟ್ಟೆಗಳಿವೆ.

ಹೊಳೆಬದಿ ಸಿಸ್ಟರ್ | ಮಂಗಳವಾರ, ಮಧ್ಯಾಹ್ನ 1.40

ನಾನು ಉಡುಪಿ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ಕೆಲಸ ಮಾಡುವವಳು. ಊಟದ ಬಿಡುವಲ್ಲಿ ಬರೆಯುತ್ತಿದ್ದೇನೆ.

ಗೃಹ ಆರೋಗ್ಯ ಅಂತ ರಾಜ್ಯ ಸರಕಾರದ ಯೋಜನೆ, 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದದ್ದು 2025ರಲ್ಲಿ ಎಲ್ಲ ಜಿಲ್ಲೆಗೂ ಬಂತು. ಮನೆಗೆ ಹೋಗಿ ಬಿಪಿ, ಶುಗರ್ ನೋಡಬೇಕು. ಇದ್ದವರಿಗೆ ಮದ್ದು ಕೊಡಬೇಕು. ಅಂದರೆ ಮಾಷ್ಟ್ರು ಹೇಳಿದ ತಮಿಳುನಾಡಿನ ದಾರಿಗೇ ನಾವೂ ಬಂದಿದ್ದೇವೆ. ಕಾಪುವಿನ ಅಕ್ಕಾ, ನಿಮ್ಮ ಅತ್ತೆಯ ಹೆಸರು ಅಲ್ಲಿನ ಆಶಾ ಹತ್ತಿರ ಇದೆಯಾ ಕೇಳಿ.

ನಿಜ ಸ್ಥಿತಿ ಹೇಳುತ್ತೇನೆ. ಬಿಪಿಯ ಮಾಮೂಲಿ ಮದ್ದು, ಮೆಟ್‌ಫಾರ್ಮಿನ್, ಇವು ನನ್ನ ಕಪಾಟಿನಲ್ಲಿ ಹೆಚ್ಚಾಗಿ ಇರುತ್ತವೆ. ಸಿಟಾಗ್ಲಿಪ್ಟಿನ್ ಥರದ್ದು ನಾನು ನೋಡಿದ್ದೇ ಇಲ್ಲ. ಖಾಸಗಿ ಡಾಕ್ಟರ ಚೀಟಿ ಹಿಡಿದು ಬರುವವರಿಗೆ ಅರ್ಧ ಕೊಟ್ಟು ಅರ್ಧ ಹೊರಗೆ ತನ್ನಿ ಅನ್ನಬೇಕು. ಅವರು ಹೇಳುವುದು, "ಅರ್ಧಕ್ಕೆ ಯಾಕೆ ಇಲ್ಲಿವರೆಗೆ ಬರಬೇಕು, ಎಲ್ಲ ಅಲ್ಲೇ ತರುತ್ತೇನೆ." ಅಲ್ಲಿಗೆ ಉಚಿತ ಮದ್ದೂ ಕಪಾಟಿನಲ್ಲೇ ಉಳಿಯುತ್ತದೆ.

ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಕೊಡೆ ಹಿಡಿದು ಮೂರು ಕಿಲೋಮೀಟರ್ ನಡೆದು ಬಂದಿದ್ದರು. ಆ ದಿನ ಸ್ಟಾಕ್ ಹತ್ತು ದಿನಕ್ಕೆ ಸಾಕಾಗುವಷ್ಟೇ ಇತ್ತು. ಕೊಟ್ಟೆ. ಹನ್ನೊಂದನೇ ದಿನ ಅವರು ಬರಲಿಲ್ಲ. ನಾನೇ ಹೋದಾಗ ಬಿಪಿ 190 ಇತ್ತು. ಬೇರೇನೂ ಬೇಡ, ಒಮ್ಮೆಗೆ ಎರಡು ತಿಂಗಳ ಮದ್ದು ಕೈಗೆ ಕೊಡುವಷ್ಟು ಸ್ಟಾಕ್ ನನಗೆ ಕೊಡಿ. ಅರ್ಧ ಸಮಸ್ಯೆ ಮುಗಿಯುತ್ತದೆ.

ಹಂಪನಕಟ್ಟೆ | ಮಂಗಳವಾರ, ಸಂಜೆ 5.15

ಸಿಸ್ಟರ್, ನಿಮ್ಮಂಥವರು ನಮ್ಮ ವಾರ್ಡಿನಲ್ಲೂ ಇದ್ದರೆ ನಾನು ಇಷ್ಟು ವಾದ ಮಾಡುತ್ತಿರಲಿಲ್ಲ. ಜನೌಷಧಿಯ ಸುಗಮ್ ಆ್ಯಪ್ ಹಾಕಿ ನೋಡಿದೆ. ಹತ್ತಿರದ ಜನೌಷಧಿ ಎಲ್ಲಿ, ಯಾವ ಮದ್ದಿಗೆ ಎಷ್ಟು ಅಂತ ಬರುತ್ತದೆ. ಬಿಪಿ ಮಾತ್ರೆ ಒಂದನ್ನು ಮಾತ್ರ ಬದಲಿಸಿ ಒಂದು ತಿಂಗಳು ನೋಡುತ್ತೇನೆ. ಮನೆಯಲ್ಲಿ ಬಿಪಿ ಮೆಷಿನ್ ಇದೆ.

ಕಾಪುವಿನ ಸೊಸೆ | ಮುಂದಿನ ಭಾನುವಾರ, ರಾತ್ರಿ 8.30

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಏನಾಯಿತು ಅಂತ ಬರೆಯುತ್ತೇನೆ.

ಗುರುವಾರ ರಜೆ ಹಾಕಿ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕತ್ತರಿಯ ವಿಷಯ ಹೇಳಿದಾಗ ಅವರು ನಗಲಿಲ್ಲ, ಬೈಯಲೂ ಇಲ್ಲ. "ನನಗೆ ಮೊದಲೇ ಹೇಳಬಾರದಿತ್ತಾ ಅಮ್ಮ" ಅಂತ ಕೇಳಿ ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಮೂಲ ಹೆಸರಲ್ಲಿ ಬರೆದುಕೊಟ್ಟರು. ಉಡುಪಿಯಲ್ಲೇ ಜನೌಷಧಿಯಲ್ಲಿ ನಾಲ್ಕೂ ಮಾತ್ರೆ ಸಿಕ್ಕಿತು. ಡ್ರಾಪ್ಸ್ ಮಾತ್ರ ಮೊದಲಿನದ್ದೇ. ಈ ತಿಂಗಳ ಬಿಲ್ಲು ಎಲ್ಲ ಸೇರಿ 640 ರೂಪಾಯಿ.

ಅತ್ತೆಗೆ ಖುಷಿ ಆಗುತ್ತದೆ ಅಂತ ಎಣಿಸಿದ್ದೆ. ಸ್ಟ್ರಿಪ್ ತಿರುಗಿಸಿ ತಿರುಗಿಸಿ ನೋಡಿದರು. "ಇದು ರೇಶನ್ ಮದ್ದಾ?" ಅಂತ ಕೇಳಿದರು. ಮಗ ಫೋನ್ ಮಾಡಿ ಹೇಳಿದ ಮೇಲೆ ಒಪ್ಪಿದರು. ಸೊಸೆ ಹೇಳಿದರೆ ಆಗುವುದಿಲ್ಲ, ಅದು ಬೇರೆ ಕಥೆ.

ಆಶಾ ಮನೆಗೆ ಬಂದು ಹೆಸರು ಬರೆದುಕೊಂಡಿದ್ದಾರೆ. ಮೂಲ್ಕಿಯವರೇ, ಬೀಡಿ ಕಾರ್ಡ್ ಸಿಕ್ಕಿತು! ಪಾಸ್‌ಬುಕ್ಕಿನ ಒಳಗೆ ಮಡಚಿ ಇಟ್ಟಿದ್ದರು. ಫೋಟೋದಲ್ಲಿ ಅತ್ತೆಗೆ ಮೂವತ್ತೋ ಮೂವತ್ತೈದೋ ವಯಸ್ಸು, ಕಿವಿಯಲ್ಲಿ ಬೆಂಡೋಲೆ. ಮುಂದಿನ ವಾರ ಡಿಸ್ಪೆನ್ಸರಿಗೆ ಹೋಗಿ ಕೇಳುತ್ತೇವೆ.

ಈಗ ಉಳಿದಿರುವುದು ಆ ಪೊಟ್ಟಣ. ಬಿಸಾಡುತ್ತೇನೆ ಅಂದರೆ ಕೊಡುತ್ತಿಲ್ಲ. "ದುಡ್ಡು ಕೊಟ್ಟದ್ದು, ಇರಲಿ" ಅಂತ ಮತ್ತೆ ಡಬ್ಬಿಯ ಕೆಳಗೆ ಇಟ್ಟಿದ್ದಾರೆ.

ಸುರತ್ಕಲ್ ಮೆಡಿಕಲ್ | ಭಾನುವಾರ, ರಾತ್ರಿ 8.52

ಅವರು ಮಲಗಿದ ಮೇಲೆ ತೆಗೆಯಿರಿ ಅಕ್ಕಾ. ಕತ್ತರಿಯನ್ನೂ.

ಕಾಪುವಿನ ಸೊಸೆ | ಭಾನುವಾರ, ರಾತ್ರಿ 9.10

ಪೊಟ್ಟಣ ತೆಗೆದೆ. ಕತ್ತರಿ ಅವರ ದಿಂಬಿನ ಹತ್ತಿರ ಇದೆ. ನಾಳೆ ತೊಂಡೆ ಚಪ್ಪರಕ್ಕೆ ಹಗ್ಗ ಕತ್ತರಿಸಲು ಬೇಕಂತೆ.